ಕಾಲಿಗೊಂದು ಕ್ರಿಯಾಪದ

ಹೊಸ ಭಾಷೆ ಕಲಿಯಲು ಕೂತವರಿಗೆ ಮೊದಲು ಸಿಗುವುದು ಪಟ್ಟಿಗಳು. ಹಣ್ಣಿನ ಪಟ್ಟಿ, ಬಣ್ಣದ ಪಟ್ಟಿ, ನೆಂಟರಿಷ್ಟರ ಪಟ್ಟಿ. ಲಾಟ್ವಿಯನ್ ಭಾಷೆಯ ಪಾಠದಲ್ಲೂ ಅಷ್ಟೇ. ಬಟ್ಟೆಬರೆಯ ಅಧ್ಯಾಯದಲ್ಲಿ ಕೋಟು, ಟೋಪಿ, ಕೈಗವಸು ಎಲ್ಲ ಮುಗಿದ ಮೇಲೆ ಪಾದರಕ್ಷೆಗಳ ಸರದಿ: ಕುರ್ಪೆಸ್ ಅಂದರೆ ಶೂ, ಜ಼ಾಬಕಿ ಅಂದರೆ ಬೂಟು, ಸಂದಲೆಸ್ ಅಂದರೆ ಸ್ಯಾಂಡಲ್, ಚೀಬಸ್ ಅಂದರೆ ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ. ಒಂದು ಸಂಜೆಗೆ ಬಾಯಿಪಾಠವಾಗುವಷ್ಟು ಪದಗಳು. ಆದರೆ ಲಾಟ್ವಿಯಾದ ರೀಗಾ ಪಟ್ಟಣದ ಚಪ್ಪಲಿ ಅಂಗಡಿಯಲ್ಲಿ ಹೋಗಿ ನಿಂತರೆ ಎಷ್ಟೋ ಸಲ ಬಾಯಿಪಾಠ ಮಾಡಿದ ರೂಪದಲ್ಲಿ ಪದಗಳು ಕಿವಿಗೆ ಬೀಳುವುದಿಲ್ಲ. ಕುರ್ಪೆಸ್ ಅನ್ನುವುದು ಕುರ್ಪೇಮ್ ಆಗಿರುತ್ತದೆ, ಜ಼ಾಬಕಿ ಅನ್ನುವುದು ಜ಼ಾಬಕುಸ್ ಆಗಿರುತ್ತದೆ. ಶೂ ಒಂದೇ ಬರುವುದಿಲ್ಲ. ಅದರ ಹಿಂದೆ ಕ್ರಿಯಾಪದ ಬರುತ್ತದೆ, ವಿಭಕ್ತಿ ಬರುತ್ತದೆ, ಹೊರಗಿನ ಹವೆಯೂ ಬರುತ್ತದೆ. ಈ ಪದಗಳನ್ನು ಪಟ್ಟಿಯಿಂದ ಕಲಿಯುವ ಬದಲು ಹೊಸ್ತಿಲಿನಿಂದ ಕಲಿಯಬೇಕು ಎನ್ನುವುದು ನನ್ನ ವಾದ. ಮನೆಯಿಂದ ಹೊರಡುವಾಗ ಕಾಲಿಗೆ ಏನಾಗುತ್ತದೆ, ಬಂದಾಗ ಏನಾಗುತ್ತದೆ ಎಂಬಲ್ಲಿಂದ.

ಹೊರಡುವಾಗಿನ ಮಾತನ್ನೇ ಮೊದಲು ನೋಡೋಣ. ಲಾಟ್ವಿಯನ್ನಿನಲ್ಲಿ ಕಾಲಿಗೆ ಏನನ್ನಾದರೂ ಹಾಕಿಕೊಳ್ಳುವುದಕ್ಕೆಂದೇ ಒಂದು ಪುಟ್ಟ ಕ್ರಿಯಾಪದವಿದೆ: ಔತ್. ಅಂಗಿಗೆ ಅದು ಸಲ್ಲದು, ಟೋಪಿಗೂ ಸಲ್ಲದು, ಕಾಲಿಗೆ ಮಾತ್ರ. ಕನ್ನಡದ 'ಮೆಟ್ಟು' ಹೇಗೋ ಹಾಗೆ. ಇನ್ನೂ ಸ್ವಾರಸ್ಯವೆಂದರೆ, ಶಾಲೆಗೆ ತಡವಾಯಿತು ಎಂದು ಮಗುವನ್ನು ಅವಸರಪಡಿಸುವ ತಾಯಿ 'ಶೂ ಹಾಕ್ಕೋ' ಎಂದು ಶೂವಿನ ಹೆಸರೇ ಎತ್ತಬೇಕಿಲ್ಲ. 'ಔತ್ ಕಾಯಸ್' ಎಂಬ ನುಡಿಗಟ್ಟಿನಲ್ಲಿ ಕರ್ಮಪದವಾಗಿ ನಿಲ್ಲುವುದು ಕಾಲುಗಳೇ. ಈ ಔತ್‌ನ ಒಡಲಿನಿಂದಲೇ 'ಅಪವಿ' ಹುಟ್ಟಿದೆ. ಅಪವಿ ಎಂದರೆ ಪಾದರಕ್ಷೆ, ಒಟ್ಟು ಜಾತಿಯ ಹೆಸರು. ಅಂಗಡಿಗಳ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿರುವುದೂ ಅದೇ. ಹಳೆಯ ಕಾಲದಲ್ಲಿ ಬೂಟಿನೊಳಗೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಯ ತುಂಡು 'ಕಾಯೌತ್ಸ್'. ಹಸುಗೂಸನ್ನು ಸುತ್ತುವ ಬಟ್ಟೆಗೂ ಅದೇ ಕುಲದ ಹೆಸರು, ಔತಿಞಿ. ಪಕ್ಕದ ಲಿಥುವೇನಿಯನ್ ಭಾಷೆಯಲ್ಲಿ ಔತಿ, ರಷ್ಯನ್ನಿನಲ್ಲಿ ಪಾದರಕ್ಷೆಗೆ ಒಬುವ್. ಎಲ್ಲ ಒಂದೇ ಬೇರಿನವು.

ಕನ್ನಡದಲ್ಲೂ ಒಂದು ಕಾಲಕ್ಕೆ ಸೀರೆ ಉಡುವುದು, ಅಂಗಿ ತೊಡುವುದು, ಹೂ ಮುಡಿಯುವುದು, ಶಾಲು ಹೊದೆಯುವುದು, ಪೇಟ ಸುತ್ತುವುದು, ಜೋಡು ಮೆಟ್ಟುವುದು ಎಂದು ಮೈಯ ಒಂದೊಂದು ಭಾಗಕ್ಕೂ ಒಂದೊಂದು ಕ್ರಿಯೆ ಇತ್ತು. ಈಗ ನಮ್ಮ ಊರುಗಳಲ್ಲಿ ಎಲ್ಲದಕ್ಕೂ 'ಹಾಕ್ಕೊ' ಒಂದೇ. ಲಾಟ್ವಿಯನ್ನಿನಲ್ಲೂ ಅದೇ ಸವಕಳಿ ನಡೆದಿದೆ. ಎಳೆದುಕೊಳ್ಳುವುದು ಎಂಬರ್ಥದ 'ವಿಲ್ಕ್ತ್' ಎಂಬ ಪದ ಅಂಗಿಗೆ ಹೇಳಬೇಕಾದ್ದು, ಬೂಟಿಗೂ ಬಂದು ಕೂತಿದೆ. ಭಾಷೆಯ ವಿಷಯದಲ್ಲಿ ಕಟ್ಟುನಿಟ್ಟಿನವರು ಔತ್ ಎನ್ನಿ ಎಂದು ತಿದ್ದುತ್ತಾರೆ. ತಿದ್ದುವವರು ಇದ್ದಾರೆ ಎಂದರೆ ಪದ ಇನ್ನೂ ಉಳಿದಿದೆ ಎಂದೇ ಅರ್ಥ. ನಮ್ಮಲ್ಲಿ 'ಮೆಟ್ಟು' ಬಿಟ್ಟವರನ್ನು ಯಾರೂ ತಿದ್ದುವುದಿಲ್ಲ.

ಹಾಕಿಕೊಂಡಾದ ಮೇಲಿನ ಸ್ಥಿತಿಯನ್ನು ಹೇಳುವ ರೀತಿಯಂತೂ ಕನ್ನಡದವರಿಗೆ ಸಲೀಸು. 'ನಾನು ಬೂಟು ಧರಿಸಿದ್ದೇನೆ' ಎಂದು ಮೈಸೂರಿನಲ್ಲೂ ಯಾರೂ ಹೇಳುವುದಿಲ್ಲ, ರೀಗಾದಲ್ಲೂ ಹೇಳುವುದಿಲ್ಲ. 'ಮನ್ ಕಾಯಾಸ್ ಇರ್ ಜ಼ಾಬಕಿ': ನನಗೆ, ಕಾಲಲ್ಲಿ, ಇವೆ, ಬೂಟುಗಳು. ಅಂಗಿಯಾದರೆ 'ಮುಗುರಾ', ಬೆನ್ನ ಮೇಲೆ. ಟೋಪಿಯಾದರೆ 'ಗಲ್ವಾ', ತಲೆಯಲ್ಲಿ. ಉಣ್ಣೆಯ ಕೈಗವಸಾದರೆ 'ರುವೊಕಾಸ್', ಕೈಗಳಲ್ಲಿ. ಉಡುಪು ಮೈಯ ಯಾವ ಭಾಗದಲ್ಲಿದೆ ಎಂದು ಸಪ್ತಮಿ ವಿಭಕ್ತಿ ಹೇಳಿಬಿಡುತ್ತದೆ. ಇಂಗ್ಲಿಷಿನ ಮೂಲಕ ಲಾಟ್ವಿಯನ್ ಕಲಿಯುವವರು ಈ ಜಾಗದಲ್ಲಿ ತಿಣುಕುತ್ತಾರೆ. ಕನ್ನಡದ ಮೂಲಕ ಹೋದರೆ ದಾರಿ ನೇರ. ಪಠ್ಯಪುಸ್ತಕ ಇಂಗ್ಲಿಷಿನಲ್ಲೇ ಇದ್ದರೂ ಮನಸ್ಸಿನೊಳಗೆ ಕನ್ನಡಕ್ಕೆ ಮಾಡಿಕೊಂಡು ಓದಿ ಎಂದು ಅಲ್ಲಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಧೈರ್ಯವಾಗಿ ಹೇಳುತ್ತೇನೆ. ರೀಗಾದ ವಿಶ್ವವಿದ್ಯಾಲಯಗಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಓದಲು ಭಾರತದಿಂದ ಹೋಗುವವರು ಈಗ ಸಾಕಷ್ಟು ಜನ ಇದ್ದಾರೆ. ಅವರ ಮೊದಲ ದೊಡ್ಡ ಖರೀದಿ ಸಾಮಾನ್ಯವಾಗಿ ಬೂಟೇ.

ಉಚ್ಚಾರದಲ್ಲೂ ಕನ್ನಡದವರಿಗೆ ಒಂದು ಅನುಕೂಲ ಉಂಟು. ಲಾಟ್ವಿಯನ್ ಬರಹದಲ್ಲಿ ಸ್ವರದ ಮೇಲೆ ಎಳೆಯುವ ಅಡ್ಡಗೆರೆಗೆ 'ಗರುಮ್‌ಜ಼ೀಮೆ' ಎಂದು ಹೆಸರು, ಉದ್ದದ ಗುರುತು ಎಂದು ಅರ್ಥ. ನಮ್ಮ ದೀರ್ಘ. ಅದನ್ನು ಬಿಟ್ಟರೆ ಅರ್ಥ ಕೆಡುತ್ತದೆ. ಕಾಯಸ್ ಎಂದರೆ ಕಾಲುಗಳು. ಕಾಯಾಸ್ ಎಂದರೆ ಕಾಲುಗಳಲ್ಲಿ. ಒಂದು ದೀರ್ಘದಲ್ಲಿ ವಿಭಕ್ತಿಯೇ ಬದಲಾಯಿತು. ಇನ್ನೊಂದು ಜೋಡಿ ಬೂಟಿನ ಆಯುಷ್ಯಕ್ಕೇ ಸಂಬಂಧಪಟ್ಟದ್ದು. ಸಲ್ಸ್ ಎಂದರೆ ಕೊರೆವ ಹಿಮಗಾಲದ ಚಳಿ, ಸಾಲ್ಸ್ ಎಂದರೆ ಉಪ್ಪು. ಸಲ್ಸ್ ಬಿದ್ದು ಕಾಲುದಾರಿ ಗಾಜಿನಂತಾದಾಗ ನಗರಸಭೆಯವರು ಸಾಲ್ಸ್ ಎರಚುತ್ತಾರೆ. ಆ ಸಾಲ್ಸ್ ಕರಗಿದ ನೀರು ಚರ್ಮದ ಬೂಟಿಗೆ ಹತ್ತಿ ಒಣಗಿ ಬಿಳಿ ಕಲೆ ಬೀಳುತ್ತದೆ, ಒರೆಸದೆ ಬಿಟ್ಟರೆ ಚರ್ಮ ಬಿರಿಯುತ್ತದೆ. ಎರಡು ಪದಗಳ ನಡುವಿನ ವ್ಯತ್ಯಾಸ ಅಲ್ಲಿನ ಚಳಿಗಾಲ ಕಂಡವರಿಗೆ ಮರೆತುಹೋಗುವ ಸಂಭವವಿಲ್ಲ. ತ, ದ ಅಕ್ಷರಗಳನ್ನೂ ಅವರು ನಮ್ಮ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿಯೇ ನುಡಿಯುತ್ತಾರೆ. ವರ್ಣಮಾಲೆ ಒಪ್ಪಿಸುವಾಗ ಬಿಟ್ಟರೆ ನಾವು ಒಂಟಿಯಾಗಿ ಎಂದೂ ಬಳಸದ ಞ ಅಕ್ಷರಕ್ಕೆ ಅಲ್ಲಿ ಕೈತುಂಬ ಕೆಲಸವಿದೆ.

ಇನ್ನು ಪೇದ. ಪಾದ ಎಂದು ಹೇಳಬೇಕಾದ ಅಗತ್ಯವೇ ಇಲ್ಲ. ಬಾಲ್ಟಿಕ್ ಭಾಷೆಗಳೂ ಸಂಸ್ಕೃತವೂ ಒಂದೇ ಇಂಡೋ-ಯುರೋಪಿಯನ್ ಮನೆತನದವು. ಸಂಸ್ಕೃತದಿಂದ ನಾವು ಪಡೆದ ಪಾದ ಅವರ ಮನೆಯಲ್ಲಿ ಪೇದವಾಗಿ ಉಳಿದಿದೆ. ಅದರ ಹಿಂದೆ 'ಪ' ಸೇರಿಸಿದರೆ ಪಪೇದಿಸ್, ಹಿಮ್ಮಡಿ. ಶೂವಿನ ಹೀಲಿಗೂ ಅದೇ ಮಾತು. ಕಾಯ ಎಂಬ ಪದ ಮಾತ್ರ ನಮ್ಮ 'ಕಾಲು' ಇದ್ದ ಹಾಗೆ, ತೊಡೆಯಿಂದ ಉಂಗುಷ್ಠದವರೆಗೆ ಎಲ್ಲಕ್ಕೂ ಸಲ್ಲುತ್ತದೆ.

ಈಗ ಅಲ್ಲಿನ ವರ್ಷವನ್ನು ಕಾಲಿನ ಕಣ್ಣಿನಿಂದ ನೋಡಬೇಕು. ನಮ್ಮಲ್ಲಿ ಒಂದು ಜೊತೆ ಚಪ್ಪಲಿ ಯುಗಾದಿಯಿಂದ ಯುಗಾದಿಗೆ ಓಡುತ್ತದೆ, ಮಲೆನಾಡಾದರೆ ಮಳೆಗಾಲಕ್ಕೆ ಇನ್ನೊಂದು. ಲಾಟ್ವಿಯಾದಲ್ಲಿ ಋತು ಬದಲಾದರೆ ಬಾಗಿಲ ಬಳಿಯ ಗೂಡೇ ಬದಲಾಗುತ್ತದೆ. ಕೊರೆವ ಒಣ ಚಳಿಗೆ 'ವೆಲ್ತೆಞಿ': ಉಣ್ಣೆಯನ್ನು ತೇವ ಮಾಡಿ, ಹೊಸೆದು, ಒತ್ತಿ ಮಾಡಿದ ಮೊಣಕಾಲುದ್ದದ ಬೂಟು. ಹೆಸರು ಆ ಹೊಸೆಯುವ ಕೆಲಸದಿಂದಲೇ ಬಂದದ್ದು. ಹಿಮ ಗಟ್ಟಿಯಾಗಿ ಇರುವವರೆಗೆ ಅದಕ್ಕೆ ಸಮನಿಲ್ಲ, ಕರಗಲು ಶುರುವಾದ ದಿನ ಅದು ನೀರು ಕುಡಿದು ಭಾರವಾಗುತ್ತದೆ. ಅದಕ್ಕೇ ಅದರ ಮೇಲೆ 'ಗಲೋಶಸ್', ರಬ್ಬರಿನ ಹೊರಗವಚ. ಹಿಮ ಕರಗಿ ಕೆಸರಾಗುವ ಆ ಅವಧಿಗೆ 'ಶ್‌ಕ್ಯೀದುವೊನಿಸ್' ಎಂದು ಪ್ರತ್ಯೇಕ ಹೆಸರಿದೆ. ಆಗ ಎಲ್ಲರಿಗೂ 'ಸ್ಲಪ್ಯಸ್ ಕಾಯಸ್', ನೆಂದ ಕಾಲು; ನೆಗಡಿಗೆ ಅದೇ ಕಾರಣ ಎನ್ನುವ ಅಜ್ಜಿಯರು ಅಲ್ಲಿಯೂ ಉಂಟು. ಶರತ್ಕಾಲಕ್ಕೆ 'ಗುಮಿಯ್‌ನಿಯೆಕಿ', ರಬ್ಬರ್ ಬೂಟುಗಳು. ಸರಿಯಾದ ಹೆಸರು ಗುಮಿಯಸ್ ಜ಼ಾಬಕಿ. ಮನೆಮಾತಿನಲ್ಲಿ ಇಷ್ಟಕ್ಕೆ ಇಳಿಯುತ್ತದೆ. ಕಾಡಿಗೆ ಹೋಗಿ ಅಣಬೆ ಆರಿಸುವುದಕ್ಕೆ ಆ ಭಾಷೆಯಲ್ಲಿ ಒಂಟಿ ಪದದ ಕ್ರಿಯಾಪದವೇ ಇದೆ, ಅಷ್ಟು ಜನ ಅಣಬೆಗೆ ಹೋಗುತ್ತಾರೆ. ಗುಮಿಯ್‌ನಿಯೆಕಿ ಇಲ್ಲದೆ ಹೋಗುವವರು ಕಡಿಮೆ. ಜೌಗು ಪ್ರದೇಶದ ಮೇಲೆ ನಡೆಯುವಾಗ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲವಾದ ಹಲಗೆಗೂ ಅವರಿಗೆ ಕುರ್ಪೆಸ್ ಎಂದೇ ಹೆಸರು, 'ಪುರ್ವ ಕುರ್ಪೆಸ್', ಜೌಗಿನ ಶೂ.

ಬೇಸಿಗೆ ಬಂತೆಂದರೆ 'ಬಸಾಮ್ ಕಾಯಾಮ್', ಬರಿಗಾಲಲ್ಲಿ. ವರ್ಷದ ಮುಕ್ಕಾಲು ಭಾಗ ಕಾಲನ್ನು ಮುಚ್ಚಿಟ್ಟ ಜನಕ್ಕೆ ಬರಿಗಾಲು ಸಂಭ್ರಮದ ವಿಷಯ. ಮರಳು, ಕಲ್ಲು, ಮರದ ಚೂರು, ಕೆಸರು ಹಾಸಿ ಮಾಡಿದ ಬರಿಗಾಲ ದಾರಿಗಳಿಗೆ ಜನ ದುಡ್ಡು ಕೊಟ್ಟು ಹೋಗುತ್ತಾರೆ. ನಮ್ಮ ಹೊಲದ ಬದುಗಳಲ್ಲಿ ಇದು ಉಚಿತ, ಯಾರಿಗೂ ಬೇಕಿಲ್ಲ. ಕಡಲತೀರಕ್ಕೆ 'ಇಯೆಶ್‌ಲ್ಯೂತ್ಸೆನೆಸ್', ಅಂದರೆ ಕಾಲು ಜಾರಿಸಿ ಒಳಗೆ ತೂರಿಸುವಂಥವು. ನಾವು ಹವಾಯಿ ಚಪ್ಪಲಿ ಎನ್ನುವ ವಸ್ತು. ಇಷ್ಟು ಹಗುರ ಪಾದರಕ್ಷೆಗೆ ಇಷ್ಟು ಭಾರದ ಹೆಸರು ಬೇರೆ ಯಾವ ಭಾಷೆಯಲ್ಲಿದೆಯೋ.

ಇವೆಲ್ಲ ಇವತ್ತಿನ ಮಾತು. ಇನ್ನಷ್ಟು ಹಿಂದಿನ ಪದಗಳನ್ನು ಕಾಣಬೇಕಾದರೆ ರೀಗಾದ ಹೊರವಲಯದಲ್ಲಿ, ಯುಗ್ಲಾ ಸರೋವರದ ದಡದಲ್ಲಿರುವ ಬಯಲು ಜನಪದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1924ರಲ್ಲಿ ಸ್ಥಾಪನೆಯಾಗಿ 1932ರಲ್ಲಿ ಜನರಿಗೆ ತೆರೆದುಕೊಂಡ ಜಾಗ; ದೇಶದ ಮೂಲೆಮೂಲೆಗಳ ಹಳೆಯ ಮರದ ಮನೆ, ಕಣಜ, ಇಗರ್ಜಿಗಳನ್ನು ಬಿಚ್ಚಿ ತಂದು ಪೈನ್ ಮರಗಳ ನಡುವೆ ಮತ್ತೆ ಕಟ್ಟಿದ್ದಾರೆ. 1971ರಿಂದ ಪ್ರತಿ ಜೂನ್ ಆರಂಭದಲ್ಲಿ ಅಲ್ಲಿ ಕುಶಲಕರ್ಮಿಗಳ ಜಾತ್ರೆ ಸೇರುತ್ತದೆ. ಆ ಜಾತ್ರೆಯಲ್ಲಿ 'ಪಸ್ತಲಸ್' ಸಿಗುತ್ತವೆ. ಒಂದೇ ತುಂಡು ಚರ್ಮ. ಅಂಚಿನ ಸುತ್ತ ತೂತು ಹಾಕಿ ದಾರ ಪೋಣಿಸಿ ಎಳೆದರೆ ಚರ್ಮ ನೆರಿಗೆಗಟ್ಟಿ ಪಾದವನ್ನು ಹಿಡಿದುಕೊಳ್ಳುತ್ತದೆ. ದಾರದ ಉಳಿದ ಉದ್ದವನ್ನು ಕಾಲಿಗೆ ಸುತ್ತಿ ಕಟ್ಟಬೇಕು. ಹಿಮ್ಮಡಿ ಇಲ್ಲ, ಅಟ್ಟೆ ಬೇರೆ ಇಲ್ಲ, ಎಡ ಬಲ ಎಂಬ ಭೇದವೂ ಹೆಚ್ಚಿಲ್ಲ. ರೈತರ ದಿನನಿತ್ಯದ ಮೆಟ್ಟು ಅದು. ಅದಕ್ಕಿಂತ ಕೆಳಗಿನದು 'ವೀಜ಼ೆಸ್', ಲಿಂಡನ್ ಮರದ ಒಳತೊಗಟೆಯನ್ನು ಸೀಳಿ ಚಾಪೆಯ ಹಾಗೆ ಹೆಣೆದದ್ದು. ಬಡವರದ್ದು, ಬೇಗ ಸವೆಯುವಂಥದ್ದು, ಸವೆದರೆ ಕಾಡಿಗೆ ಹೋಗಿ ಮತ್ತೆ ಹೆಣೆದುಕೊಳ್ಳುವಂಥದ್ದು. ಕುರ್ಪೆಸ್ ಮೇಲಿನ ಮೆಟ್ಟಿಲು. ಇಗರ್ಜಿಗೆ, ಮದುವೆಗೆ. ಭಾನುವಾರ ಇಗರ್ಜಿಗೆ ಹೊರಟ ಹೆಣ್ಣುಮಕ್ಕಳು ದಾರಿಯುದ್ದಕ್ಕೂ ಶೂಗಳನ್ನು ಕೈಯಲ್ಲಿ ಹಿಡಿದು ನಡೆದು, ಇಗರ್ಜಿ ಕಣ್ಣಿಗೆ ಬಿದ್ದ ಮೇಲೆ ಕಾಲು ಒರೆಸಿ ಮೆಟ್ಟುತ್ತಿದ್ದರು.

ವೀಜ಼ೆಸ್, ಪಸ್ತಲಸ್, ಕುರ್ಪೆಸ್: ಮೂರು ಪದಗಳಲ್ಲಿ ಒಂದು ಹಳ್ಳಿಯ ಅಂತಸ್ತು ಮುಗಿಯಿತು. 'ದೈನ' ಎಂಬ ಪುಟ್ಟ ಜನಪದ ಪದ್ಯಗಳಲ್ಲಿ ಈ ಮೂರೂ ಬರುತ್ತವೆ. ಕ್ರಿಶ್ಯಾನಿಸ್ ಬರೊನ್ಸ್ 1894ರಿಂದ 1915ರವರೆಗೆ ಅಚ್ಚು ಮಾಡಿಸಿದ ಸಂಪುಟಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ದೈನಗಳಿವೆ. ಅವರು ಚೀಟಿಗಳಲ್ಲಿ ಬರೆದು ವಿಂಗಡಿಸಿಟ್ಟ ಮರದ ಕಪಾಟು ಈಗ ರೀಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 2001ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು. ದೈನಗಳಲ್ಲಿ ಶೂ ಯಾವಾಗಲೂ ಮುದ್ದಿನ ರೂಪದಲ್ಲಿ ಬರಲು ನೋಡುತ್ತದೆ: ಕುರ್ಪೀತೆಸ್, ಪಸ್ತಲಿಞಸ್. ಕನ್ನಡದಲ್ಲಿ 'ಪುಟ್ಟ' ಎಂದು ಬೇರೆ ಪದ ಹಚ್ಚಬೇಕು. ಅಲ್ಲಿ ಬಾಲಕ್ಕೆ ಒಂದು ಪ್ರತ್ಯಯ ಸಾಕು. ಹೆಂಗಸರ ನುಣುಪು ಶೂಗಳಿಗೆ 'ಲೈವಿಞಸ್', ಪುಟ್ಟ ದೋಣಿಗಳು, ಎಂಬ ಹೆಸರು ಇವತ್ತಿನ ಅಂಗಡಿಯಲ್ಲೂ ನಡೆಯುತ್ತದೆ. ನೃತ್ಯಗಾರರು ಮಾತ್ರ ಪಸ್ತಲಸ್ ಬಿಟ್ಟಿಲ್ಲ. 1873ರಲ್ಲಿ ಮೊದಲಾದ ಹಾಡು-ಕುಣಿತದ ಮಹೋತ್ಸವ ಐದು ವರ್ಷಕ್ಕೊಮ್ಮೆ ರೀಗಾದಲ್ಲಿ ಸೇರುತ್ತದೆ. ಆಗ ಸಾವಿರಾರು ಜೊತೆ ಪಸ್ತಲಸ್ ಕ್ರೀಡಾಂಗಣಕ್ಕೆ ಇಳಿಯುತ್ತವೆ.

ಹಳೆಯ ನಂಬಿಕೆಯೊಂದನ್ನು ಹೇಳಿಬಿಡುತ್ತೇನೆ, ಅದರಿಂದ ಎರಡು ಪದ ಕಲಿತ ಹಾಗಾಗುತ್ತದೆ. ವರ್ಷದ ಕೊನೆಯ ರಾತ್ರಿ ಮದುವೆಯಾಗದ ಹುಡುಗಿ ಬಾಗಿಲಿಗೆ ಬೆನ್ನು ಹಾಕಿ ಕೂತು ಭುಜದ ಮೇಲಿನಿಂದ ಶೂ ಹಿಂದಕ್ಕೆ ಎಸೆಯುತ್ತಾಳೆ. 'ಪುರ್ನ್‌ಗಲ್ಸ್', ಶೂವಿನ ಮೂತಿ, ಬಾಗಿಲ ಕಡೆ ಬಿದ್ದರೆ ಆ ವರ್ಷ ಗಂಡನ ಮನೆಗೆ. ಪಪೇದಿಸ್ ಬಾಗಿಲ ಕಡೆ ಬಿದ್ದರೆ ತೌರಲ್ಲೇ.

ಊರನ್ನು ಆಳಿದವರು ಯಾರು ಎಂಬುದೂ ಶೂವಿನ ಭಾಗಗಳಲ್ಲಿ ಕಾಣುತ್ತದೆ. ಶತಮಾನಗಟ್ಟಲೆ ಜರ್ಮನ್ ಮಾತಾಡುವ ಜಮೀನ್ದಾರರೂ ವ್ಯಾಪಾರಿಗಳೂ ಅಲ್ಲಿ ಮೇಲಿದ್ದರು. ಅಟ್ಟೆಗೆ 'ಜ಼ುವೊಲೆ', ಲೇಸಿಗೆ ಆಡುಮಾತಿನಲ್ಲಿ 'ಶ್ಞುವೊರೆ', ಎರಡೂ ಜರ್ಮನ್. ಹಿಂಭಾಗ ತೆರೆದ ಚಪ್ಪಲಿ 'ತುಪೆಲೆ', ಅದೂ ಜರ್ಮನ್ ಮನೆಯದೇ. ಮರದ ಅಟ್ಟೆಯ ತುಪೆಲೆಸ್ ಕೊಟ್ಟಿಗೆ ಕೆಲಸಕ್ಕೆ ಒದಗುತ್ತಿದ್ದವು. ಹೆಂಡತಿಯ ಮಾತು ಮೀರದ ಗಂಡ 'ಜ಼ೆಮ್ ತುಪೆಲೆಸ್', ತುಪೆಲೆಯ ಅಡಿಯಲ್ಲಿರುವವನು, ಎಂಬ ಗೇಲಿಯನ್ನೂ ಜರ್ಮನ್ನರಿಂದಲೇ ಪಡೆದಿದ್ದಾರೆ. ರಷ್ಯನ್ ಚಕ್ರಾಧಿಪತ್ಯದ ಕಾಲಕ್ಕೆ ರೀಗಾ ದೊಡ್ಡ ಕಾರ್ಖಾನೆಗಳ ಊರಾಯಿತು. 1888ರಲ್ಲಿ ಅಲ್ಲಿ ಶುರುವಾದ ಪ್ರೊವೊದ್ನಿಕ್ ಎಂಬ ರಬ್ಬರ್ ಕಾರ್ಖಾನೆ ಗಲೋಶಸ್ ಮತ್ತು ಟಯರುಗಳಿಗೆ ಹೆಸರಾಗಿತ್ತು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಜರ್ಮನ್ ಸೈನ್ಯ ಹತ್ತಿರವಾದಾಗ ಯಂತ್ರಗಳನ್ನು ಬಿಚ್ಚಿ ರಷ್ಯಾದ ಒಳಭಾಗಕ್ಕೆ ಸಾಗಿಸಿದರು. ಆಮೇಲೆ ಸೋವಿಯತ್ ಕಾಲ. ಕ್ಯಾನ್ವಾಸ್ ಶೂಗಳಿಗೆ 'ಕೆದಸ್' ಎಂಬ ಹೆಸರು ರಷ್ಯನ್ ದಾರಿಯಿಂದ ಬಂತು, ರಷ್ಯನ್ನಿಗೆ ಅದು ಕೆಡ್ಸ್ ಎಂಬ ಅಮೆರಿಕದ ಬ್ರಾಂಡಿನಿಂದ ಬಂದಿತ್ತು.

ಸೋವಿಯತ್ ಕಾಲವೆಂದ ಮೇಲೆ ಒಂದು ಪುಸ್ತಕದ ಹೆಸರು ಹೇಳದೆ ಮುಂದೆ ಹೋಗಲಾಗದು. 1941ರ ಜೂನ್ 14ರಂದು ಲಾಟ್ವಿಯಾದ ಹದಿನೈದು ಸಾವಿರಕ್ಕೂ ಹೆಚ್ಚು ಜನರನ್ನು ಮನೆಗಳಿಂದ ಎಬ್ಬಿಸಿ ಸರಕು ರೈಲುಗಳಲ್ಲಿ ತುಂಬಿ ಸೋವಿಯತ್ ಒಕ್ಕೂಟದ ದೂರದ ಮೂಲೆಗಳಿಗೆ ಕಳಿಸಲಾಯಿತು. 1949ರ ಮಾರ್ಚ್ 25ರಂದು ಮತ್ತೆ ನಲವತ್ತೆರಡು ಸಾವಿರಕ್ಕೂ ಹೆಚ್ಚು ಜನ. ಗಂಟು ಕಟ್ಟಲು ಸಿಕ್ಕ ಸಮಯ ಅಲ್ಪ, ಹೋಗುವುದು ಎಲ್ಲಿಗೆಂದು ಗೊತ್ತಿಲ್ಲ, ಮೊದಲ ಸಲವಂತೂ ಜೂನ್ ತಿಂಗಳ ಬೆಚ್ಚನೆ ಹವೆ. ಏನನ್ನು ಮೆಟ್ಟಿ ಹೊರಟೆವು ಎಂಬುದು ಮುಂದೆ ಬದುಕಿನ ಪ್ರಶ್ನೆಯಾಯಿತು. ಸಂದ್ರ ಕಲ್ನಿಯೆತೆ ಹುಟ್ಟಿದ್ದೇ ಸೈಬೀರಿಯಾದಲ್ಲಿ, 1952ರಲ್ಲಿ, ಹೀಗೆ ಗಡೀಪಾರಾದ ತಂದೆತಾಯಿಗೆ. 2002ರಿಂದ 2004ರವರೆಗೆ ಅವರು ಲಾಟ್ವಿಯಾದ ವಿದೇಶಾಂಗ ಸಚಿವೆ. 2001ರಲ್ಲಿ ಬಂದ ಅವರ ಕುಟುಂಬ ಕಥನದ ಹೆಸರು 'ಅರ್ ಬಲ್ಲೆಸ್ ಕುರ್ಪೇಮ್ ಸಿಬೀರಿಯಸ್ ಸ್ನಿಯೆಗುವೊಸ್', ಅಂದರೆ ನೃತ್ಯಕೂಟದ ಶೂಗಳೊಂದಿಗೆ ಸೈಬೀರಿಯಾದ ಹಿಮಗಳಲ್ಲಿ. ನೃತ್ಯಕೂಟಕ್ಕೆ ಮೆಟ್ಟುವ ಕುರ್ಪೆಸ್ ತೃತೀಯಾ ವಿಭಕ್ತಿಯಲ್ಲಿ ಕುರ್ಪೇಮ್ ಆಗಿದೆ. ಹಿಮ, ಸ್ನಿಯೆಗ್ಸ್, ಬಹುವಚನದ ಸಪ್ತಮಿಯಲ್ಲಿ ಸ್ನಿಯೆಗುವೊಸ್ ಆಗಿದೆ. ಈ ಎರಡು ವಿಭಕ್ತಿಗಳಿಗೆ ಉದಾಹರಣೆ ಬೇಕಾದಾಗ ನನಗೆ ಈ ಐದು ಪದಗಳೇ ನೆನಪಾಗುತ್ತವೆ, ಪಠ್ಯಪುಸ್ತಕದವು ನೆನಪಾಗುವುದಿಲ್ಲ. ಅದೇ ಸಪ್ತಮಿ ಮಕ್ಕಳ ಕಥೆಯ ಹೆಸರಿನಲ್ಲೂ ಇದೆ: ಬೂಟು ಹಾಕಿದ ಬೆಕ್ಕು ಅಲ್ಲಿ 'ರುನ್‌ತ್ಸಿಸ್ ಜ಼ಾಬಕುವೊಸ್', ಬೂಟುಗಳಲ್ಲಿನ ಗಂಡುಬೆಕ್ಕು.

ಮನೆಗೆ ವಾಪಸ್ ಬರೋಣ. ಹೊರಗಿನದನ್ನು ಹೊಸ್ತಿಲಲ್ಲೇ ಬಿಡುವುದು ಅಲ್ಲಿಯೂ ಪದ್ಧತಿ. ನಮ್ಮಲ್ಲಿ ಅದಕ್ಕೆ ಮಡಿ, ದೇವರಕೋಣೆ, ಸಾರಿಸಿದ ನೆಲ ಎಂದು ಹಲವು ಕಾರಣ. ಅಲ್ಲಿ ಹಿಮದ ನೀರು, ಉಪ್ಪು, ಮರಳು. ಬಿಚ್ಚಿದ ಮೇಲೆ ಬರಿಗಾಲಲ್ಲಿ ಓಡಾಡುವಂತಿಲ್ಲ, ನೆಲ ತಣ್ಣಗಿರುತ್ತದೆ. ಅತಿಥಿಗೆ ಚೀಬಸ್ ಕೊಡುತ್ತಾರೆ. ಅನೇಕ ಮನೆಗಳಲ್ಲಿ ಬಂದವರಿಗೆಂದೇ ಎರಡು ಮೂರು ಜೊತೆ ಇರುತ್ತವೆ, ಯಾರ ಅಳತೆಗೂ ಸರಿಯಿರುವುದಿಲ್ಲ. ಶಾಲೆಯ ಮಕ್ಕಳು ಒಳಗೆ ಹಾಕಲು 'ಮೈಞಸ್ ಅಪವಿ', ಬದಲಿ ಪಾದರಕ್ಷೆ, ಚೀಲದಲ್ಲಿ ಒಯ್ಯುತ್ತಾರೆ. ಇಂಥ ಚೀಬಸ್ ಕೊಳ್ಳಲು ರೀಗಾದ ಕೇಂದ್ರ ಮಾರುಕಟ್ಟೆಗೆ ಹೋಗಬಹುದು. ಅದು 1930ರಲ್ಲಿ ತೆರೆದದ್ದು, ಜ಼ೆಪೆಲಿನ್ ವಾಯುನೌಕೆ ನಿಲ್ಲಿಸುತ್ತಿದ್ದ ಹ್ಯಾಂಗರುಗಳ ಭಾಗಗಳಿಂದ ಕಟ್ಟಿದ್ದು. ಒಳಗೆ ಮೀನು, ಮಾಂಸ, ಉಪ್ಪಿನಕಾಯಿಯ ವಾಸನೆ. ಹೊರಗಿನ ಸಾಲಿನಲ್ಲಿ ಕುರಿಯುಣ್ಣೆಯ ಚೀಬಸ್, ಹೆಣೆದ 'ಜ಼ೆಕ್ಯೆಸ್', ಅಂದರೆ ಕಾಲುಚೀಲಗಳು.

ಕೊಳ್ಳುವ ಮಾತಿಗೆ ಬಂದರೆ ಕನ್ನಡದವರಿಗೆ ಒಂದು ಕಷ್ಟ, ಒಂದು ಸುಖ. ಕಷ್ಟವೆಂದರೆ ಲಿಂಗ. ನಮಗೆ ಜೀವವಿಲ್ಲದ್ದೆಲ್ಲ 'ಅದು'. ಅಲ್ಲಿ ಶೂ ಹೆಣ್ಣು, ಬೂಟು ಗಂಡು. ಹೊಸ ಶೂ 'ಯೌನಸ್ ಕುರ್ಪೆಸ್', ಹೊಸ ಬೂಟು 'ಯೌನಿ ಜ಼ಾಬಕಿ'. ಯಾಕೆ ಎಂದು ಕೇಳಬಾರದು. ಸುಖವೆಂದರೆ ಚತುರ್ಥಿ. 'ಮನ್' ಎಂದರೆ ನನಗೆ. ಮನ್ ವಯಗ್ ಜ಼ಾಬಕುಸ್, ನನಗೆ ಬೂಟು ಬೇಕು. ಮನ್ ಪತೀಕ್ ಶೀಸ್ ಕುರ್ಪೆಸ್, ನನಗೆ ಈ ಶೂ ಇಷ್ಟ. ಮನ್ ಸಲ್ಸ್ತ್ ಕಾಯಸ್, ನನಗೆ ಕಾಲು ಕೊರೆಯುತ್ತಿದೆ. ಬೇಕು, ಇಷ್ಟ, ಚಳಿ ಎಲ್ಲವೂ ಕನ್ನಡದಲ್ಲಿ 'ನನಗೆ' ಆಗುವಂಥವು; ಅಲ್ಲಿಯೂ ಹಾಗೇ.

ಅಂಗಡಿಯವರು ಅಳತೆ, 'ಇಜ಼್‌ಮೇರ್ಸ್', ಕೇಳುತ್ತಾರೆ. ಹಾಕಿ ನೋಡಬಹುದೇ ಎನ್ನಲು 'ವೈ ದ್ರೀಕ್ಸ್ತ್ ಪಿಯೆಲೈಕುವೊತ್'. ಚಿಕ್ಕದಾಯಿತು ಎನ್ನಲು 'ಪರ್ ಮಜ಼ು', ದೊಡ್ಡದಾಯಿತು ಎನ್ನಲು 'ಪರ್ ಲಿಯೆಲು'. ಚಳಿಗಾಲದ ಬೂಟನ್ನು ದಪ್ಪ ಜ಼ೆಕ್ಯೆಸ್ ಹಾಕಿಕೊಂಡೇ ನೋಡಬೇಕು, ಬೆರಳ ಮುಂದೆ ಸ್ವಲ್ಪ ಗಾಳಿಗೆ ಜಾಗ ಬಿಡಬೇಕು. ಬಿಗಿಯಾದ ಬೂಟಿನಲ್ಲಿ ಎರಡು ಕಾಲುಚೀಲ ತುರುಕಿದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತ ಹೋಗುತ್ತದೆ. ಶೂ ಕಚ್ಚುತ್ತದೆ ಎಂದು ಕನ್ನಡದಲ್ಲಿ ಹೇಳಿದ ಹಾಗೆ ಹೇಳಿದರೆ ಅವರಿಗೆ ಅರ್ಥವಾಗದು. ಅವರ ಶೂ ಒತ್ತುತ್ತದೆ, 'ಸ್ಪಿಯೆಝ್', ಇಲ್ಲವೇ ಉಜ್ಜುತ್ತದೆ, 'ಬೆರ್ಝ್'. ಬೊಬ್ಬೆ ಬಂದರೆ ಅದು 'ತುಲ್ಜ಼್ನ'. ಮುಂದಿನ ವರ್ಷ ಅಟ್ಟೆ ಸವೆದರೆ 'ಅಪವು ರೆಮೊಂತ್ಸ್' ಎಂಬ ಫಲಕ ಹುಡುಕಬೇಕು. ಒಳಗೆ ಕೂತಿರುವವರು 'ಕುರ್ಪ್‌ನಿಯೆಕ್ಸ್', ಚಪ್ಪಲಿ ಹೊಲಿಯುವವರು. ಅದು ಅಲ್ಲಿ ಎಷ್ಟೋ ಮನೆತನಗಳ ಅಡ್ಡಹೆಸರೂ ಹೌದು. ಬೂಟು ಅವರ ಮುಂದಿಟ್ಟು ಜ಼ುವೊಲೆ ಎಂದೋ ಪಪೇದಿಸ್ ಎಂದೋ ಬೆರಳು ತೋರಿಸಿದರೆ ಉಳಿದ ಮಾತನ್ನು ಅವರೇ ಆಡುತ್ತಾರೆ, ಯಾವ ದಿನ ಬಂದು ಒಯ್ಯಬೇಕು ಎಂಬುದರವರೆಗೆ.